ಆಕಾಶಕ್ಕೆ ಹೋದ ಗಂಡ

ಗುಡಿಯ ಒಳಗೆ ಯಾರೋ ಮೀನು ತಿನ್ನುತ್ತಿದ್ದರು.

ಯಿನ್ ಬಾಗಿಲ ಹೊರಗೇ ನಿಂತು ಕಿವಿಗೊಟ್ಟಳು. ಬೆಕ್ಕಾಗಿದ್ದರೆ ಮುಳ್ಳು ಕಡಿಯುವ ಸದ್ದು ಬೇರೆ. ಇದು ಹಲ್ಲು ನೆಟ್ಟಗಿಲ್ಲದ ಮನುಷ್ಯ ಚಪ್ಪರಿಸುವ ಸದ್ದು. ಅವಳು ಪೊರಕೆಯನ್ನು ತಿರುವಿ ಹಿಡಿದು ಒಳಗೆ ನುಗ್ಗಿದವಳೇ, ಎಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನ ಬೆನ್ನಿಗೆ ಎರಡು ಬಾರಿಸಿದಳು.

"ನಾಚ್ಕೆ ಆಗಲ್ವೇನೋ ನಿಂಗೆ? ಸಿದ್ಧರಿಗೆ ಇಟ್ಟ ಎಡೆಗೆ ಬಾಯಿ ಹಾಕ್ತೀಯಾ, ಹಾಳಾದವನೇ!"

ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಆದರೆ ಬಾಯಲ್ಲಿದ್ದುದನ್ನು ಬಿಡಲಿಲ್ಲ. ನುಂಗಿ, ಕೆಮ್ಮಿ, ಕೊನೆಗೆ ಕೇಳಿದ: "ಇಟ್ಟಿರೋದು ನಂಗೇ ಅಲ್ವೇನೇ?"

ಮೂರನೆಯ ಏಟು ಗಾಳಿಯಲ್ಲೇ ನಿಂತಿತು. ಮುಖ ಗುರುತು ಸಿಗುವಂತಿರಲಿಲ್ಲ. ಕೂದಲು ಬೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು, ಉಳಿದ ನಾಲ್ಕಾರು ಹಲ್ಲು ಇದ್ದಿಲಿನಂತೆ ಕಪ್ಪಾಗಿದ್ದವು. ಆದರೆ ದನಿ ಅದೇ. ಕತ್ತೆ ಕೊಳ್ಳಲು ಬಂದವನಿಗೆ ಇದು ಕುದುರೆಯೇ ಇರಬೇಕು ಅನ್ನಿಸುವಂತೆ ಮಾಡುವ ದನಿ. ಗೋಡೆಯ ಮೇಲೆ ಬರೆದ ಚಿತ್ರದಲ್ಲಿ ಬಿಳಿ ಕೊಕ್ಕರೆಯ ಬೆನ್ನೇರಿ, ಕಪ್ಪು ಗಡ್ಡ ಹಾರಿಸಿಕೊಂಡು ಮೋಡದೊಳಗೆ ಹೋಗುತ್ತಿದ್ದ ಸಿದ್ಧ ತಿಯಾನ್ ಗುಯಿ, ಅವಳ ಗಂಡ, ಕೆಳಗೆ ಚಾಪೆಯ ಮೇಲೆ ಕೂತು ಬೆರಳು ನೆಕ್ಕುತ್ತಿದ್ದ.

"ಯಾಕ್ರೀ, ಆಕಾಶದಲ್ಲಿ ಊಟ ಹಾಕ್ಲಿಲ್ವಾ?" ಅಂದಳು ಯಿನ್. ಅಭ್ಯಾಸಬಲದಿಂದ ನಾಲಿಗೆಗೆ 'ರೀ' ಬಂದುಬಿಟ್ಟದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಹನ್ನೊಂದು ವರ್ಷದ ಹಿಂದೆ, ಸಮುದ್ರದ ಅಂಚಿನ ಬಂಡೆಯ ಮೇಲೆ ಅವನ ನಿಲುವಂಗಿ, ಮೆಟ್ಟು ಸಿಕ್ಕಿದ್ದವು. ಆ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಊರ ಗೌಡ ಪಾನ್ ಶೆಂಗ್ ಓಡೋಡಿ ಬಂದು, ಸಿದ್ಧರು ಕೊಕ್ಕರೆಯ ಮೇಲೆ ಕೂತು ಪೂರ್ವಕ್ಕೆ ಹೋದದ್ದನ್ನು ಕಣ್ಣಾರೆ ಕಂಡೆ ಎಂದು ಆಣೆ ಇಟ್ಟು ಹೇಳಿದ್ದ. ಊರಿಗೆ ಊರೇ ಬಂಡೆಯ ಮುಂದೆ ಅಡ್ಡಬಿತ್ತು. ಯಿನ್ ಮಾತ್ರ ಮನೆಗೆ ಹೋಗಿ ನೋಡಿದಳು. ಬಂಡೆಯ ಮೇಲಿದ್ದದ್ದು ಹಳೆಯ ಮೆಟ್ಟು. ಹೊಸ ಜೋಡಿ ಮನೆಯಲ್ಲಿರಲಿಲ್ಲ. ಚಳಿಗಾಲದ ದಪ್ಪ ಹೊದಿಕೆಯೂ ಇರಲಿಲ್ಲ. ಅಟ್ಟದ ಮೇಲಿನ ಒಣಮೀನಿನ ಕಟ್ಟು ಇಡಿಯಾಗಿ ಮಾಯವಾಗಿತ್ತು. ಮೇಲೆ ಹೋಗುವವನಿಗೆ ಮೀನು ಯಾಕೆ? ಅವಳು ಬಾಯಿ ಬಿಡಲಿಲ್ಲ. ಓಡಿಹೋದವನ ಹೆಂಡತಿ ಅನ್ನಿಸಿಕೊಳ್ಳುವುದಕ್ಕಿಂತ ಆಕಾಶಕ್ಕೆ ಹೋದವನ ಹೆಂಡತಿ ಅನ್ನಿಸಿಕೊಳ್ಳುವುದು ಮೇಲು ಎಂದು ಅರ್ಥವಾಗಲು ಅವಳಿಗೆ ಅರ್ಧ ದಿನವೂ ಬೇಕಾಗಲಿಲ್ಲ.

ಆ ಕರಾವಳಿಯಲ್ಲಿ ಅದೇನೂ ನಂಬಲಾಗದ ಸುದ್ದಿಯಾಗಿರಲಿಲ್ಲ. ಅವಳ ಅಜ್ಜನ ಕಾಲದಲ್ಲಿ, ಕಡಲಾಚೆಯ ದ್ವೀಪಗಳಲ್ಲಿ ಸಾವಿಲ್ಲದವರು ಇದ್ದಾರೆ, ನನಗೆ ಅವರ ಪರಿಚಯವಿದೆ ಎಂದು ಯಾರು ಹೇಳಿದರೂ ರಾಜಧಾನಿಯಿಂದ ಗಾಡಿ ಬರುತ್ತಿತ್ತು. ಹೋದವರಲ್ಲಿ ಒಬ್ಬ ರೇಷ್ಮೆ ಉಟ್ಟು, ಸೊಂಟಕ್ಕೆ ಅಧಿಕಾರದ ಮುದ್ರೆ ಕಟ್ಟಿಕೊಂಡು ಬಂದರೆ ಸಾಕು, ಹತ್ತು ಊರಲ್ಲಿ ಹೊಲ ಉಳುವವರು ನೇಗಿಲು ಬಿಟ್ಟು ಸಾವು ಬಾರದ ಗುಳಿಗೆಗೆಂದು ಇಂಗಲಿಕದ ಕೆಂಪು ಕಲ್ಲು ಅರೆಯಲು ಕೂರುತ್ತಿದ್ದರು. ಹೆಣ್ಣು ಕೊಡುವವರು ಹುಡುಗನಿಗೆ ಎಷ್ಟು ಹೊಲ ಎಂದು ಕೇಳುವುದನ್ನು ಬಿಟ್ಟು ಮಾತು ಹೇಗೆ ಎಂದು ಕೇಳುತ್ತಿದ್ದರು. ಯಿನ್‌ಳ ಅಪ್ಪ ಹಾಗೆ ಕೇಳಿಯೇ ಅವಳನ್ನು ತಿಯಾನ್ ಗುಯಿಗೆ ಕೊಟ್ಟದ್ದು. ಮಾತು ಚೆನ್ನಾಗಿತ್ತು. ಪಟ್ಟಣದ ಉಪ್ಪಿನ ಸಾಹುಕಾರನಿಗೆ ಸಾವು ಬಾರದ ಗುಳಿಗೆ ಮಾಡಿಕೊಡುತ್ತೇನೆಂದು ಒಲೆ ಹೂಡಿದ. ಗುಳಿಗೆ ಕುದಿದು ಗಟ್ಟಿಯಾಗುವ ಮುಂಚೆ ಸಾಹುಕಾರ ಸತ್ತ. ಸಾಹುಕಾರನಿಗೆ ಐದು ಜನ ಗಂಡುಮಕ್ಕಳಿದ್ದರು, ಐವರೂ ಕಟ್ಟುಮಸ್ತಾಗಿದ್ದರು. ಕೊಕ್ಕರೆ ಬಂದದ್ದು ಅದಾದ ಮೂರನೆಯ ದಿನ.

"ಚಾಂಗನ್‌ನಲ್ಲಿದ್ದೆ ಕಣೇ," ಎಂದ ತಿಯಾನ್ ಗುಯಿ ಈಗ, ಬೋರೆಹಣ್ಣಿನ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತ. "ರಾಜಧಾನೀಲಿ, ಅರಮನೆ ಕೆಲಸ."

"ಏನು ಕೆಲಸ?"

"ಒಂದು ಎತ್ತರದ ಜಗಲಿ. ಅದರ ಮೇಲೆ ಕೂತು ಕಾಯೋದು."

"ಯಾರನ್ನ?"

"ದೇವರನ್ನ."

"ಬಂದನಾ?"

"ಬರ್ಲಿಲ್ಲ. ಸಂಬಳ ಬರ್ತಿತ್ತು." ಅವನು ಬೀಜ ಉಗಿದ. "ಹೊಸ ದೊರೆ ಬಂದ. ಹಳೇ ಪುಸ್ತಕ ಓದ್ಕೊಂಡಿರೋ ಮಂತ್ರಿಗಳು ಬಂದ್ರು. ಪುಸ್ತಕದಲ್ಲಿ ಇಲ್ಲದ ಗುಡಿ ಎಲ್ಲಾ ಕಿತ್ತುಹಾಕಿ ಅಂದ್ರು. ಎಪ್ಪತ್ತಕ್ಕೂ ಮೇಲೆ ಜನ ಕಣೇ ನಾವು! ನಕ್ಷತ್ರ ನೋಡೋರು, ಪಾದರಸ ಕುದಿಸೋರು, ಕಾಯೋರು. ಒಂದೇ ದಿನ ಸಾಲಾಗಿ ನಿಲ್ಲಿಸಿ, ಊರಿಗೆ ಹೋಗಿ ಬೇಸಾಯ ಮಾಡ್ಕೊಳ್ಳಿ ಅಂತ ಕೈಗೆ ಅಪ್ಪಣೆ ಬರೆದ ಒಂದೊಂದು ಹಲಗೆ ಕೊಟ್ಟು ಕಳಿಸಿದ್ರು. ಒಬ್ಬನಿಗಾದ್ರೂ ಮುಂಚೆ ಗೊತ್ತಾಗಬೇಡ್ವಾ? ಎಲ್ಲಾ ಭವಿಷ್ಯ ಹೇಳೋರೇ!"

ಅಂಗಿಯೊಳಗಿಂದ ಮರದ ಹಲಗೆ ತೆಗೆದು ಕೊಟ್ಟ. ಯಿನ್‌ಗೆ ಓದಲು ಬರುತ್ತಿರಲಿಲ್ಲ; ಅವನೇ ಓದಿದ. ಹೆಸರು ತಿಯಾನ್ ಚಾಂಗ್. ಆಕಾಶಕ್ಕೆ ಹೋದವನ ಹೆಸರಲ್ಲಿ ಸಂಬಳ ತೆಗೆದುಕೊಳ್ಳಲಾಗದೆ ಅವನು ಇಟ್ಟುಕೊಂಡ ಹೆಸರು ಅದು. ಊರಿನ ಹೆಸರು ಮಾತ್ರ ಈ ಊರಿನದೇ. ಅರವತ್ತು ದಿನದೊಳಗೆ ಊರ ಗೌಡನ ಮುಂದೆ ಹಾಜರಾಗದಿದ್ದರೆ ತಲೆಮರೆಸಿಕೊಂಡವನೆಂದು ಹಿಡಿಯುತ್ತಾರೆ. ಅದರಲ್ಲಿ ಐವತ್ತೆಂಟು ದಿನ ದಾರಿಯಲ್ಲೇ ಕಳೆದಿತ್ತು.

"ಹೆಸರು ಸುಳ್ಳು ಬರೆಸಿದವರು ಊರು ಯಾಕೆ ನಿಜ ಬರೆಸಿದ್ರಿ?"

ಮಾತಿನ ಮಲ್ಲ ತಟ್ಟೆಯ ಬೋರೆಹಣ್ಣನ್ನು ಬೆರಳಿನಿಂದ ಉರುಳಿಸಿದ. "ಕೇಳಿದ ತಕ್ಷಣ ಬಾಯಿಗೆ ಅದೇ ಬಂತು," ಎಂದ.

"ಹೋಗೋವಾಗ ಒಂದು ಮಾತು ಹೇಳಿ ಹೋಗೋಕೆ ಏನಾಗಿತ್ತು?"

"ಹೇಳಿದ್ರೆ ಬೇಡ ಅಂತಿದ್ದೆ."

"ಹೌದು, ಅಂತಿದ್ದೆ."

ಹೊರಗೆ ಹೆಂಗಸರ ಮಾತು ಕೇಳಿಸಿತು. ಯಿನ್ ಪೊರಕೆಯನ್ನು ಗಂಡನ ಕೈಗೆ ತುರುಕಿ, ಗುಡಿಸುವಂತೆ ಸನ್ನೆ ಮಾಡಿದಳು.

ಅವಳಿಗೆ ಕಳೆದುಕೊಳ್ಳಲು ಬಹಳವಿತ್ತು. ಹನ್ನೊಂದು ವರ್ಷದಿಂದ ಒಡ್ಡು ಕಟ್ಟುವ ಬಿಟ್ಟಿ ಕೆಲಸಕ್ಕೆ ಯಾರೂ ಅವಳನ್ನು ಕರೆದಿರಲಿಲ್ಲ. ಗಂಡನ ಕಡೆಯವರು ಹೊಲಕ್ಕೆ ಕೈ ಹಾಕಿರಲಿಲ್ಲ. ಮರುಮದುವೆ ಮಾಡಿಕೋ ಎಂದು ಯಾರೂ ತಲೆ ತಿಂದಿರಲಿಲ್ಲ. ಮೇಲಿರುವವನು ನೋಡುತ್ತಿದ್ದಾನಲ್ಲ! ಅತ್ತೆಸೊಸೆ ಜಗಳವಾಡಿದರೆ ಯಿನಕ್ಕ ಏನಂತಾಳೆ ಕೇಳೋಣ ಎನ್ನುತ್ತಿದ್ದರು. ಗಂಡ ಮನೆಯಲ್ಲಿದ್ದಾಗ ಅವಳ ಮಾತು ಹಂದಿಯೂ ಕೇಳುತ್ತಿರಲಿಲ್ಲ.

ಅದೇ ಮಧ್ಯಾಹ್ನ ಅವಳು ಗಂಡನನ್ನು ಮುಂದಿಟ್ಟುಕೊಂಡು ಗೌಡನ ಮನೆಗೆ ಹೋದಳು. ಪಾನ್ ಶೆಂಗ್ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದವನು ತಲೆ ಎತ್ತಿದ, ನೋಡಿದ, ಕೈಗೆ ಸೂಜಿ ಚುಚ್ಚಿಕೊಂಡ.

"ನಮ್ಮೆಜಮಾನ್ರ ಚಿಕ್ಕಪ್ಪನ ಮಗ," ಎಂದಳು ಯಿನ್. "ತಿಯಾನ್ ಚಾಂಗ್ ಅಂತ. ಚಾಂಗನ್‌ನಿಂದ ಬಂದಿದ್ದಾನೆ. ಹಲಗೆ ಇದೆ ನೋಡಿ."

ಪಾನ್ ಶೆಂಗ್ ಹಲಗೆಯನ್ನು ನೋಡಲಿಲ್ಲ. ಬೆರಳು ಚೀಪುತ್ತ ಮುಖವನ್ನೇ ನೋಡಿದ. ಚಿಕ್ಕಂದಿನಲ್ಲಿ ಅವರಿಬ್ಬರೂ ಒಂದೇ ಹಂದಿಯ ಬೆನ್ನೇರಿ ಬಿದ್ದವರು.

"ಹೋಲಿಕೆ ಇದೆ," ಎಂದ ಕೊನೆಗೆ.

"ಮನೆತನದ ಹೋಲಿಕೆ," ಎಂದಳು ಯಿನ್.

"ಅವರು ಕೊಕ್ಕರೆ ಮೇಲೆ ಹೋಗಿದ್ದನ್ನ ನಾನು ಈ ಕಣ್ಣಿಂದ ನೋಡಿದ್ದೀನಿ." ಗೌಡ ಒಂದೊಂದೇ ಮಾತನ್ನು ಕುಟ್ಟಿ ಕುಟ್ಟಿ ಹೇಳಿದ. "ಆಣೆ ಇಟ್ಟಿದ್ದೀನಿ. ಕಚೇರೀಲಿ ಬರೆದುಕೊಂಡಿದ್ದಾರೆ."

"ಹೌದಾ ಗೌಡ್ರೇ?" ತಿಯಾನ್ ಗುಯಿ ಕುತೂಹಲ ತಡೆಯಲಾಗದೆ ಮುಂದೆ ಬಾಗಿದ. "ಹೇಗಿತ್ತು ಅದು?"

ಅದು ಪಾನ್ ಶೆಂಗ್ ತನ್ನ ಹೆಂಡತಿಯಿಂದ ಹಿಡಿದು ಹಾದಿಹೋಕರವರೆಗೆ ನೂರಾರು ಜನಕ್ಕೆ ಹೇಳಿದ ಕಥೆ. ಬೇಡವೆಂದರೂ ನಾಲಿಗೆ ಹೊರಳಿತು. ಕೊಕ್ಕರೆಯ ರೆಕ್ಕೆ ಎಷ್ಟು ಅಗಲ, ಮೋಡಕ್ಕೆ ಎಷ್ಟು ಬಣ್ಣ, ಸಿದ್ಧರು ಕೊನೆಯ ಸಲ ಹೇಗೆ ತಿರುಗಿ ಗೌಡನತ್ತ ಮಾತ್ರ ಕೈಬೀಸಿದರು. ತಿಯಾನ್ ಗುಯಿ ಕಣ್ಣರಳಿಸಿ ಕೇಳಿದ. ಮುಗಿದಾಗ ನಿಟ್ಟುಸಿರು ಬಿಟ್ಟು, "ಎಂಥಾ ಮನುಷ್ಯ!" ಎಂದ. ಹಲಗೆಯ ಮೇಲೆ ಮುದ್ರೆ ಬಿತ್ತು.

ಊರಿನವರು ಯಾರೂ ಗುರುತು ಹಿಡಿಯಲಿಲ್ಲ. ಹನ್ನೊಂದು ವರ್ಷ ಗೋಡೆಯ ಚಿತ್ರ ನೋಡಿ ನೋಡಿ ಅವರಿಗೆ ನಿಜವಾದ ಮುಖ ಮರೆತೇಹೋಗಿತ್ತು. ನೆರೆಮನೆಯ ದೂ ಅಜ್ಜಿಯಂತೂ ಅವನ ಮುಂದೆಯೇ, "ಒಂದೇ ರಕ್ತ ಅಂತಾರೆ, ನಮ್ಮ ಸಿದ್ಧರ ಕಾಲಿನ ಧೂಳಿಗೂ ಸಮ ಇಲ್ಲ ಈ ಪ್ರಾಣಿ," ಎಂದುಬಿಟ್ಟಳು. ಯಿನ್ ಅವನಿಗೆ ಮಲಗಲು ಕಣಜದ ಮೂಲೆ ತೋರಿಸಿ, ಹಗಲು ಗುಡಿ ಗುಡಿಸುವ ಕೆಲಸಕ್ಕೆ ಹಚ್ಚಿದಳು. ಮನೆತನದ ಸಿದ್ಧನ ಗುಡಿಯನ್ನು ಮನೆತನದವನೇ ಗುಡಿಸುವುದು ಊರಿಗೂ ಸರಿಕಂಡಿತು.

ಆದರೆ ಕೆಲಸ ಅವನಿಗೆ ಒಗ್ಗಲಿಲ್ಲ. ಊಟಕ್ಕೆ ಬಂದಾಗಲೆಲ್ಲ ಗೊಣಗುತ್ತಿದ್ದ.

"ಆ ದೂ ಅಜ್ಜಿ ಹನ್ನೊಂದು ವರ್ಷದಿಂದ ಮೊಣಕಾಲು ನೋವು ವಾಸಿ ಮಾಡಪ್ಪ ಅಂತ ಕೇಳ್ತಿದ್ದಾಳಂತೆ. ಒಂದ್ಸಲಾನೂ ವಾಸಿ ಮಾಡಿಲ್ವಂತೆ ನಾನು. ಆದ್ರೂ ಬರ್ತಾಳೆ!"

"ಬರಲಿ ಬಿಡಿ. ಅಷ್ಟು ದೂರ ನಡೆಯೋದಕ್ಕೇ ಅವಳ ಕಾಲು ಇನ್ನೂ ಆಡ್ತಿರೋದು."

"ಚಾಂಗನ್‌ನಲ್ಲಿ ದೊರೆ ಬಂದು ಕೇಳ್ತಿದ್ದ, ಸಾವು ಬರದ ಹಾಗೆ ಮಾಡು ಅಂತ. ಇಲ್ಲಿ ಕೇಳೋದು ಹಂದಿ ಹನ್ನೆರಡು ಮರಿ ಹಾಕಲಿ ಅಂತ."

"ಹಂದಿ ಹಾಕ್ತು," ಎಂದಳು ಯಿನ್, ನವಣೆ ಗಂಜಿ ಬಡಿಸುತ್ತ. "ದೊರೆ ಇದ್ದಾನಾ?"

ಅವನು ಗಂಜಿ ಕುಡಿದ.

ಅವನು ಊರಿಗೆ ಬಂದ ಒಂಬತ್ತನೆಯ ದಿನ ಕಚೇರಿಯಿಂದ ವೆನ್ ಎಂಬ ಅಧಿಕಾರಿ ಬಂದ. ಎಳೆಯ ವಯಸ್ಸು, ನೆಗಡಿ ಹಿಡಿದ ಮೂಗು, ಕತ್ತೆಯ ಮೇಲೆ ಒಂದು ಹೊರೆ ಹಲಗೆ. ಸೀಮೆಯಲ್ಲಿರುವ ಗುಡಿಗಳನ್ನೆಲ್ಲ ಎಣಿಸಿ, ಪುಸ್ತಕಕ್ಕೆ ಹೊಂದದವನ್ನು ಕೆಡವಿಸುವುದು ಅವನ ಕೆಲಸ. ಬರುವ ದಾರಿಯಲ್ಲೇ ಒಂದು ಆಮೆಯ ಗುಡಿ, ಎರಡು ಗಾಳಿಯ ಗುಡಿ, ಯಾವ ದೇವರದೆಂದು ಪೂಜಾರಿಗೇ ಗೊತ್ತಿಲ್ಲದ ಒಂದು ಗುಡಿ ಮುಗಿಸಿ ಬಂದಿದ್ದ.

ಊರೆಲ್ಲ ಗುಡಿಯ ಮುಂದೆ ಸೇರಿತು. ವೆನ್ ಚಿತ್ರ ನೋಡಿದ, ಸೀನಿದ, ಚಾಪೆಯ ಮೇಲೆ ಕೂತ.

"ಇದು ಸ್ವಲ್ಪ ಕಷ್ಟದ್ದು," ಎಂದ. "ಮನುಷ್ಯ ನಿಜವಾಗಿ ಮೇಲೆ ಹೋಗಿದ್ರೆ ಗುಡಿ ಉಳಿಸಿ ರಾಜಧಾನಿಗೆ ಬರೀಬೇಕು. ಸುಳ್ಳಾಗಿದ್ರೆ ಕೆಡವಬೇಕು, ಸಾಕ್ಷಿ ಹೇಳಿದವನನ್ನೂ ಇದರ ಮೇಲೆ ಬದುಕಿದ ಮನೆಯವರನ್ನೂ ಒಡ್ಡಿನ ಕೆಲಸಕ್ಕೆ ಎಳೀಬೇಕು. ನಂಗೇನು ಗೊತ್ತಾಗುತ್ತೆ? ಇಂಥದ್ದಕ್ಕೆ ತಿಳಿದವರು ಬೇಕು." ಅವನು ಹಲಗೆಗಳ ಹೊರೆಯಲ್ಲಿ ಕೈಯಾಡಿಸಿ ಒಂದನ್ನು ಎಳೆದ. "ತಿಯಾನ್ ಚಾಂಗ್ ಅನ್ನೋನು ಯಾರು? ಹನ್ನೊಂದು ವರ್ಷ ಅರಮನೇಲಿ ಇದೇ ಕೆಲಸ ಮಾಡಿದ್ದಾನೆ ಅಂತ ಇದೆ."

ಎಲ್ಲರೂ ತಿರುಗಿ ನೋಡಿದರು. ತಿಯಾನ್ ಗುಯಿ ಪೊರಕೆ ಹಿಡಿದು ನಿಂತಿದ್ದ.

"ಸರ್ಕಾರ ಇಷ್ಟು ವರ್ಷ ಅನ್ನ ಹಾಕಿದೆ," ಎಂದ ವೆನ್. "ಒಂದಾದ್ರೂ ಕೆಲಸ ಮಾಡಿಕೊಡು. ಇವನು ಹೋದದ್ದು ನಿಜವೋ ಸುಳ್ಳೋ?"

ಪಾನ್ ಶೆಂಗ್ ಕಂಬ ಹಿಡಿದುಕೊಂಡ. ಯಿನ್ ಗಂಡನ ಮುಖ ನೋಡಿದಳು. ಅವನ ಕಣ್ಣಲ್ಲಿ ಆ ಹಳೆಯ ಹೊಳಪು ಬಂದುಬಿಟ್ಟಿತ್ತು. ಉಪ್ಪಿನ ಸಾಹುಕಾರ ಮೊದಲ ಸಲ ಮನೆಗೆ ಬಂದಾಗ ಇದ್ದ ಹೊಳಪು. ಅವನು ಪೊರಕೆಯನ್ನು ಗೋಡೆಗೆ ಒರಗಿಸಿ, ತೋಳು ಕೊಡವಿ, ಗಂಟಲು ಸರಿಮಾಡಿಕೊಂಡ.

"ಮೇಲೆ ಹೋಗೋದು ಅಂದ್ರೆ ಸುಮ್ಮನೆ ಅಲ್ಲ," ಎಂದು ಶುರುಮಾಡಿದ. ಮೂರು ಬಗೆಯ ಹೋಗುವಿಕೆ ವಿವರಿಸಿದ. ಮೊದಲು ಕಾಳು ಬಿಡಬೇಕು, ಆಮೇಲೆ ಉಪ್ಪು ಬಿಡಬೇಕು, ಕೊನೆಗೆ ನೆರಳೇ ಮನುಷ್ಯನನ್ನು ಬಿಡುತ್ತದೆ ಎಂದ. ಐದು ಬಣ್ಣದ ಮೋಡ, ಬೆನ್ನಹುರಿಯಲ್ಲಿ ಏಳುವ ನಾದ, ಎಲುಬುಗಳು ಬಿದಿರಿನಂತೆ ಹಗುರಾಗುವ ಬಗೆ. ದನಿ ಏರಿತು, ಇಳಿಯಿತು. ದೂ ಅಜ್ಜಿ ಕಣ್ಣೊರೆಸಿಕೊಂಡಳು. ಇಷ್ಟು ದಿನ ಇವನನ್ನು ಪ್ರಾಣಿ ಎಂದವರು ಬಾಯಿ ತೆರೆದು ಕೇಳಿದರು. ವೆನ್ ಕೂಡ ಸೀನುವುದನ್ನು ಮರೆತ. "ಇಂಥ ಎಲ್ಲಾ ಲಕ್ಷಣ ಒಬ್ಬನಲ್ಲೇ ಸೇರೋದು ಸಾವಿರ ವರ್ಷಕ್ಕೆ ಒಂದ್ಸಲ. ಈ ತಿಯಾನ್ ಗುಯಿ—"

"ಹಾಗಾದ್ರೆ ನಿಜ ಅಂತ ಬರೀಲಾ?" ವೆನ್ ಕುಂಚವನ್ನು ಮಸಿಯಲ್ಲಿ ಅದ್ದಿದ. "ಬರೆದ್ರೆ ರಾಜಧಾನಿಯಿಂದ ದೊಡ್ಡವರು ಬರ್ತಾರೆ. ಈಗಿನವರು ಮೊದಲಿನವರ ಥರ ಅಲ್ಲ. ಮೊದಲು ಹೆಂಡ್ತೀನ ಕರ್ಕೊಂಡು ಹೋಗಿ ಕೇಳ್ತಾರೆ, ಹೇಗೆ ಕೇಳ್ತಾರೆ ಅಂತ ನಾನು ಹೇಳೋದು ಬೇಡ. ಎಲ್ಲಾದ್ರೂ ಬಿರುಕು ಕಂಡ್ರೆ ಸೊಂಟಕ್ಕೇ ಕತ್ತಿ, ಎರಡು ತುಂಡು. ಸರಿ, ನಿಜ ತಾನೇ?"

ತಿಯಾನ್ ಗುಯಿಯ ಕೈ ಮೇಲೆತ್ತಿದ್ದು ಎತ್ತಿದಂತೆಯೇ ಇತ್ತು. ಅವನು ಯಿನ್ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಸೆರಗಿನಂತೆ ಜೋತ ಅಂಗಿಯ ತೋಳಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ನೆಲ ನೋಡುತ್ತಿದ್ದಳು.

ಕೈ ಕೆಳಗಿಳಿಯಿತು.

"ಇಲ್ಲ," ಎಂದ. "ಬರೀಬೇಡಿ. ಇವನು ಮೇಲೆ ಹೋಗಲಿಲ್ಲ."

"ಮತ್ತೆ?"

"ಕೆಳಗೆ ಹೋದ. ನಾನು ಆ ಬಂಡೆ ನೋಡ್ಕೊಂಡು ಬಂದಿದ್ದೀನಿ. ಮೈಯೆಲ್ಲಾ ಪಾಚಿ. ಚಿಪ್ಪು ಆರಿಸೋಕೆ ಹೋಗಿದ್ದಾನೆ. ಬಟ್ಟೆ ನೆನೆಯುತ್ತೆ ಅಂತ ಬಿಚ್ಚಿಟ್ಟಿದ್ದಾನೆ. ಜಾರಿದ್ದಾನೆ. ನೀರು ಎಳ್ಕೊಂಡಿದೆ. ಅಷ್ಟೇ."

"ಗೌಡ ಕೊಕ್ಕರೆ ನೋಡಿದ್ದೀನಿ ಅಂದಿದ್ದಾನಲ್ಲ?"

"ಕೊಕ್ಕರೆ ನೋಡಿರ್ತಾರೆ. ಈ ದಡದಲ್ಲಿ ದಿನಾ ನೂರು ಹಾರುತ್ತೆ. ಮಂಜು ಬೇರೆ. ಗೆಳೆಯ ಸತ್ತ ಅಂತ ಒಪ್ಪೋಕೆ ಮನಸ್ಸು ಬರದೆ ಅದರ ಮೇಲೆ ಕೂರಿಸಿಬಿಟ್ಟಿದ್ದಾರೆ. ಅದು ಸುಳ್ಳಲ್ಲ, ಸಂಕಟ."

ಪಾನ್ ಶೆಂಗ್ ಕಂಬ ಬಿಟ್ಟು, ಹೌದು, ಸಂಕಟ, ತುಂಬಾ ಸಂಕಟ ಎಂದು ಗೋಣು ಆಡಿಸಿದ.

"ಅವನ ವಿದ್ಯೆ ಹೇಗಿತ್ತು?" ಕೇಳಿದ ವೆನ್, ಬರೆಯುತ್ತ.

ತಿಯಾನ್ ಗುಯಿ ಗೋಡೆಯ ಮೇಲಿನ ಕಪ್ಪು ಗಡ್ಡವನ್ನೊಮ್ಮೆ ನೋಡಿದ.

"ಸಾಧಾರಣ," ಎಂದ. "ಮಾತು ಜಾಸ್ತಿ."

ವೆನ್ ಹಲಗೆಯ ಮೇಲೆ 'ಮುಳುಗಿ ಸತ್ತ' ಎಂದು ಬರೆದು, ಊದಿ ಒಣಗಿಸಿದ. ಹನ್ನೊಂದು ವರ್ಷದಲ್ಲಿ ಯಾರಿಗೂ ಹೊಳೆಯದಿದ್ದ ಮಾತನ್ನು ಕುಂಚ ಒಂದು ಉಸಿರಲ್ಲಿ ಬರೆದುಬಿಟ್ಟಿತು. ದೂ ಅಜ್ಜಿ, "ನಿನ್ನ ನಾಲಿಗೆ ಬಿದ್ದುಹೋಗ! ಮನೆತನದ ಅಣ್ಣನ ಮೇಲೇ ಹೊಟ್ಟೆಕಿಚ್ಚೇನೋ ನಿಂಗೆ?" ಎಂದು ಕೋಲೆತ್ತಿಕೊಂಡು ಬಂದಳು. ಇನ್ನಿಬ್ಬರು ಅವಳನ್ನು ಹಿಡಿದುಕೊಂಡರು. ಆ ಗಲಾಟೆಯ ನಡುವೆ ಯಾರೋ ಬಿಕ್ಕಿದ್ದು ಕೇಳಿಸಿತು. ಎಲ್ಲರೂ ತಿರುಗಿದರು. ಯಿನ್ ಅಳುತ್ತಿದ್ದಳು.

ತಾನು ಅಳುತ್ತಿದ್ದೇನೆಂದು ಅವಳಿಗೂ ಆಗಲೇ ಗೊತ್ತಾದದ್ದು. ಬಂಡೆಯ ಮೇಲೆ ಬಟ್ಟೆ ಸಿಕ್ಕ ದಿನ ಅಳುವಂತಿರಲಿಲ್ಲ, ಸಿದ್ಧನಾದವನಿಗೆ ಅಳಬಾರದು. ಆಮೇಲೆ ಅಳಲು ಹೊತ್ತಿರಲಿಲ್ಲ. ಈಗ ನಿಲ್ಲಿಸೋಣವೆಂದರೂ ನಿಲ್ಲಲೊಲ್ಲದು. ಹೆಂಗಸರು ಸುತ್ತಲೂ ಕೂತು ಅವಳ ಜೊತೆ ಸ್ವರ ಎತ್ತಿದರು. ಸಂಜೆಯೊಳಗೆ ಊರು ಒರಟು ನಾರುಬಟ್ಟೆ ತಂದು ಅವಳಿಗೆ ಉಡಿಸಿತು, ಮೂರು ದಿನ ಶೋಕ ಇಟ್ಟಿತು. ದಾಯಾದಿಯಾದ್ದರಿಂದ ತಿಯಾನ್ ಗುಯಿಯೂ ಬಿಳಿ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ರೋದಿಸಬೇಕಾಯಿತು. ಅವನು ಎಲ್ಲರಿಗಿಂತ ಜೋರಾಗಿ ಅತ್ತ. ದೂ ಅಜ್ಜಿಗೂ ಕೊನೆಗೆ ಕನಿಕರ ಬಂದು, "ಸಾಕು ಬಿಡಪ್ಪ, ಹೋದವರು ಬರ್ತಾರಾ?" ಎಂದಳು.

ಗುಡಿ ಬಿಚ್ಚಿದರು. ಪಾನ್ ಶೆಂಗ್ ಹೆಂಚು ಒಯ್ದ. ಯಿನ್‌ಗೆ ಎರಡು ತೊಲೆ, ಬಾಗಿಲು ಬಂದವು. ಹಂದಿಯ ಗೂಡು ಗಟ್ಟಿಯಾಯಿತು. ಚಿತ್ರವಿದ್ದ ಗೋಡೆ ಮಣ್ಣಿನದು, ಎರಡು ಮಳೆಗೆ ಕರಗಿತು. ಬಿಟ್ಟಿ ಕೆಲಸದ ಪಟ್ಟಿಯಲ್ಲಿ ಅವಳ ಮನೆಯ ಹೆಸರು ಸೇರಿತು. ಒಡ್ಡಿಗೆ ತಿಯಾನ್ ಗುಯಿ ಹೋದ. ಹದಿನೈದು ದಿನ ಮಣ್ಣು ಹೊತ್ತು, ಹೆಗಲು ಸುಲಿದುಕೊಂಡು, ಹೊಟ್ಟೆ ಕರಗಿಸಿಕೊಂಡು ಬಂದ. ದಾರಿಯುದ್ದಕ್ಕೂ ಜೊತೆಯವರಿಗೆ ಏನೋ ಕಥೆ ಹೇಳಿಕೊಂಡೇ ಬಂದನಂತೆ. ಅತ್ತೆಸೊಸೆಯರು ಮಾತ್ರ ಜಗಳವಾದರೆ ಈಗಲೂ ಯಿನ್ ಮನೆಗೇ ಬರುತ್ತಿದ್ದರು. ಮೊದಮೊದಲು ಅವಳಿಗೇ ಅದು ಸೋಜಿಗವಾಗಿತ್ತು.

ಹೊಲ ಹದವಾದ ದಿನ ದೂ ಅಜ್ಜಿ ಬೇಲಿಯ ಆಚೆ ನಿಂತು ಕೂಗಿದಳು.

"ಯಿನಕ್ಕಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಶೋಕದ ವರ್ಷ ಮುಗೀಲಿ. ಈ ಚಾಂಗ್‌ನ ಯಾಕೆ ಕಟ್ಕೋಬಾರದು ನೀನು? ಮನೆತನದವನೇ. ಹಲ್ಲಿಲ್ಲ ಅನ್ನೋದು ಬಿಟ್ರೆ ಪರವಾಗಿಲ್ಲ."

"ಆ ಮುಖಾನಾ?" ಎಂದಳು ಯಿನ್.

"ಮುಖ ತಗೊಂಡು ಏನು ಮಾಡ್ತೀಯೇ? ಎಲ್ಲಾರಿಗೂ ಸಿದ್ಧನಂಥ ಗಂಡ ಸಿಗ್ತಾನಾ? ಎರಡನೇ ಸಲ ಅಷ್ಟೆಲ್ಲಾ ಆಸೆ ಪಡಬಾರದು."

"ನೋಡೋಣ ಅಜ್ಜಿ. ಸುಗ್ಗಿ ಆಗಲಿ."

ಹೊಲದಲ್ಲಿ ತಿಯಾನ್ ಗುಯಿ ಅವರೆ ಬಿತ್ತುತ್ತಿದ್ದ. ಮಡಿಲಿಗೆ ಕಾಳು ಕಟ್ಟಿಕೊಂಡು, ಬಗ್ಗಿ, ಬಾಯಲ್ಲಿ ಎಣಿಸುತ್ತ ಒಂದೊಂದು ಕುಳಿಗೆ ಮೂರು ಮೂರು ಹಾಕುತ್ತಿದ್ದ. ಸಾಲು ಬೇಲಿಯಿಂದ ಹೊರಟಾಗ ನೆಟ್ಟಗಿದ್ದದ್ದು ನಡುಹೊಲಕ್ಕೆ ಬರುವಷ್ಟರಲ್ಲಿ ಕಡಲಿನ ಕಡೆಗೆ ಡೊಂಕಾಗಿತ್ತು. ಅವನಿಗೆ ಅದು ಕಂಡಿರಲಿಲ್ಲ. ಹಿಂದೆ ಕಾಗೆಗಳು ಇಳಿಯತೊಡಗಿದವು.

ಯಿನ್ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೆಟ್ಟು ಕಳಚಿ ಬದುವಿನ ಮೇಲಿಟ್ಟು, ಸಾಲಿಗೆ ಇಳಿದು, ಅವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ಅವನು ಬಿತ್ತಿಹೋದ ಕಾಳಿನ ಮೇಲೆ ಅಂಗಾಲಿನಿಂದ ಮಣ್ಣು ಎಳೆಯುತ್ತ, ಮೆದುವಾಗಿ ತುಳಿಯುತ್ತ, ಸಾಲು ಎಲ್ಲಿ ಡೊಂಕಾಗಿತ್ತೋ ಅಲ್ಲಿ ತಾನೂ ಡೊಂಕಾಗಿ ನಡೆದಳು.